ಕಂಪ್ಯೂಟರ್ ಪಾಠವೂ ಆನ್‌ಲೈನ್ ಎಚ್ಚರವೂ ಒಂದೇ ಪೀರಿಯಡ್ಡಿನಲ್ಲಿರಲಿ

ಮಾನ್ಯ ಸಂಪಾದಕರೇ,

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಎರಡು ಕೆಲಸಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ನಡೆಯುತ್ತಿವೆ. ದಾನಿಗಳೋ ಗ್ರಾಮ ಪಂಚಾಯಿತಿಯೋ ಕೊಟ್ಟ ಐದಾರು ಕಂಪ್ಯೂಟರ್‌ಗಳ ಮುಂದೆ ಮಕ್ಕಳನ್ನು ಕೂರಿಸಿ ಚಿತ್ರ ಬಿಡಿಸುವುದು, ಹೆಸರು ಟೈಪ್ ಮಾಡುವುದು ಒಂದು. ವರ್ಷಕ್ಕೊಂದು ದಿನ ಎಲ್ಲರನ್ನೂ ಮೈದಾನದಲ್ಲಿ ಸೇರಿಸಿ ಸೈಬರ್ ಅಪರಾಧದ ಬಗ್ಗೆ ಒಂದು ಗಂಟೆ ಭಾಷಣ ಕೇಳಿಸುವುದು ಇನ್ನೊಂದು. ಇವೆರಡನ್ನೂ ಸೇರಿಸಿ 3ನೇ ತರಗತಿಯಿಂದಲೇ ವಾರಕ್ಕೊಂದು ಪೀರಿಯಡ್ ಕಲಿಸಬೇಕು, ಈಗಿರುವ ಸಾಮಗ್ರಿಯಲ್ಲೇ ಕಲಿಸಲು ಸಾಧ್ಯ ಎಂದು ಹೇಳುವುದಕ್ಕೆ ಈ ಪತ್ರ. ಉದ್ದವಾಗಿದೆ, ಕ್ಷಮಿಸಿ. ಶಿಕ್ಷಕರಿಗೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೂ ಕೈಗೆ ಹತ್ತುವ ವಿವರ ಬಿಟ್ಟು ಬರೆದರೆ ಪ್ರಯೋಜನವಿಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಕೋಡಿಂಗ್ ಚಟುವಟಿಕೆಗಳನ್ನು ಮಾಧ್ಯಮಿಕ ಹಂತಕ್ಕೆ, ಅಂದರೆ 6ನೇ ತರಗತಿಯಿಂದ ಮೇಲಕ್ಕೆ ಇಟ್ಟಿದೆ. ಕೋಡಿಂಗ್ ಅಲ್ಲಿಯವರೆಗೆ ಕಾದರೂ ನಡೆದೀತು. ಆದರೆ ಎಂಟು ವರ್ಷದ ಮಗು ಸಂಜೆ ಅಮ್ಮನ ಫೋನ್ ಹಿಡಿಯುತ್ತದೆ. ಅದೇ ಫೋನಿನಲ್ಲಿ ಯುಪಿಐ ಇದೆ, ಬ್ಯಾಂಕಿನ ಒಟಿಪಿ ಬರುತ್ತದೆ, ಮನೆಮಂದಿಯ ಫೋಟೊಗಳಿವೆ. ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಫೋನ್ ಮತ್ತೆ ಹಿರಿಯರ ಕೈಗೆ ಪೂರ್ತಿಯಾಗಿ ಮರಳಲೇ ಇಲ್ಲ. ಎಚ್ಚರ 6ನೇ ತರಗತಿಯವರೆಗೆ ಕಾಯುವಂಥದ್ದಲ್ಲ.

ಭಾಷಣದಲ್ಲಿ ಮಕ್ಕಳಿಗೆ ಸಿಗುವುದು ‘ಬೇಡ’ಗಳ ಪಟ್ಟಿ: ಫೋಟೊ ಕಳಿಸಬೇಡಿ, ಲಿಂಕ್ ಒತ್ತಬೇಡಿ, ಪಾಸ್‌ವರ್ಡ್ ಹೇಳಬೇಡಿ. ಕಾರಣ ತಿಳಿಯದೆ ಬಾಯಿಪಾಠವಾದ ‘ಬೇಡ’ ಆ ಒಂದು ಆ್ಯಪ್‌ಗೆ ಮಾತ್ರ ಅನ್ವಯವಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಬಾರದೆಂದು ಒಪ್ಪುವ ಹುಡುಗ, ಆಟದೊಳಗಿನ ಚಾಟ್‌ನಲ್ಲಿ ಕಳಿಸಿದರೆ ಏನಾಗುತ್ತದೆ ಎಂದು ಕೇಳುತ್ತಾನೆ. ಅವನ ಪ್ರಶ್ನೆ ಸರಿಯಾದದ್ದೇ, ಉತ್ತರ ಇರುವುದು ಕಂಪ್ಯೂಟರ್ ಪಾಠದಲ್ಲಿ.

3ನೇ ತರಗತಿಗೆ ಯಂತ್ರವೇ ಬೇಡ. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಐದು ರಟ್ಟು ಕತ್ತರಿಸಿ, ಒಂದರ ಮೇಲೆ 1, ಮುಂದಿನದರ ಮೇಲೆ 2, ಆಮೇಲೆ 4, 8, 16 ಚುಕ್ಕಿ ಅಂಟಿಸಿ. ಹಣೆಗಿಡುವ ಸ್ಟಿಕ್ಕರ್ ಆದರೆ ಒಟ್ಟು 31 ಬೇಕು. ಹಿಂಬದಿ ಖಾಲಿ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದವರು ಯಂತ್ರವಿಲ್ಲದ ಕಂಪ್ಯೂಟರ್ ಪಾಠಕ್ಕೆಂದು ಜನಪ್ರಿಯಗೊಳಿಸಿದ ಆಟವಿದು. ಐದು ಮಕ್ಕಳು ತರಗತಿಗೆ ಮುಖಮಾಡಿ ಸಾಲಾಗಿ ನಿಲ್ಲಲಿ. ನೋಡುವವರ ಬಲತುದಿಯ ಮಗು ಮೊದಲು ತನ್ನ ಒಂದು ಚುಕ್ಕಿ ತೋರಿಸಲಿ, ಪಕ್ಕದ್ದು ಎರಡು, ಅದರ ಪಕ್ಕದ್ದು ನಾಲ್ಕು. ಇಲ್ಲಿ ನಿಲ್ಲಿಸಿ ‘ಮುಂದಿನದರಲ್ಲಿ ಎಷ್ಟಿರಬಹುದು?’ ಎಂದು ಕೇಳಬೇಕು. ಬಹಳ ಮಕ್ಕಳು ಆರು ಎನ್ನುತ್ತವೆ. ಹಾಗೆಂದಾಗ ತಿದ್ದದೆ ರಟ್ಟು ತಿರುಗಿಸಿ ಎಣಿಸಲು ಬಿಡಬೇಕು. ಮೇಷ್ಟ್ರು ಮೊದಲೇ ಕಪ್ಪುಹಲಗೆಯ ಮೇಲೆ 1, 2, 4, 8, 16 ಎಂದು ಬರೆದುಬಿಟ್ಟರೆ ಪಾಠ ಅಲ್ಲೇ ಕೆಟ್ಟಂತೆ.

ಆಮೇಲೆ ‘ಒಂಬತ್ತು ಮಾಡಿ’ ಎನ್ನಿ. 8 ಮತ್ತು 1 ಮಾತ್ರ ತೆರೆದಿರುತ್ತವೆ, ಉಳಿದವು ಮುಚ್ಚಿರುತ್ತವೆ. ತೆರೆದದ್ದು 1, ಮುಚ್ಚಿದ್ದು 0 ಎಂದು ಬರೆಸಿದರೆ 01001. ಐದೂ ತೆರೆದರೆ 31, ಎಲ್ಲ ಮುಚ್ಚಿದರೆ ಸೊನ್ನೆ. ಈ ಆಟದಲ್ಲಿ ಆಗುವ ತೊಂದರೆ ಒಂದೇ: ಮಕ್ಕಳು ರಟ್ಟನ್ನು ಅರ್ಧ ಬಗ್ಗಿಸಿ ಎರಡೇ ಚುಕ್ಕಿ ತೋರಿಸುತ್ತವೆ. ‘ಪೂರ್ತಿ ಕಾಣಬೇಕು ಇಲ್ಲವೇ ಪೂರ್ತಿ ಮುಚ್ಚಬೇಕು, ಮಧ್ಯದ್ದು ಇಲ್ಲ’ ಎಂಬ ನಿಯಮವನ್ನು ಗಟ್ಟಿಯಾಗಿ ಹೇಳಬೇಕು, ಯಂತ್ರದ ನಿಯಮವೂ ಅದೇ. ನಂತರ ಅಕ್ಷರಕ್ಕೊಂದು ಸಂಖ್ಯೆ ಕೊಡಿ. ಇಂಗ್ಲಿಷಿನ 26 ಅಕ್ಷರಕ್ಕೆ ಐದು ರಟ್ಟು ಸಾಕು. ನಮ್ಮ ವರ್ಣಮಾಲೆಯ 49 ಅಕ್ಷರಕ್ಕೆ ಸಾಲದು, ಆರನೆಯದು ಬೇಕು, ಅದರಲ್ಲಿ 32 ಚುಕ್ಕಿ. ಇದನ್ನು ಮಕ್ಕಳೇ ಕಂಡುಹಿಡಿಯುತ್ತವೆ, ಕಂಡುಹಿಡಿದಾಗಿನ ಖುಷಿ ನೋಡಬೇಕು.

ಮುಂದಿನ ವಾರ ಇದೇ ಸೊನ್ನೆ-ಒಂದರಿಂದ ಚಿತ್ರ. ಚೌಕುಳಿ ಪುಸ್ತಕದಲ್ಲಿ ಎಂಟಕ್ಕೆ ಎಂಟು ಮನೆ ಗುರುತಿಸಿ, ಕಪ್ಪು ತುಂಬಿದ ಮನೆಗೆ 1, ಖಾಲಿ ಮನೆಗೆ 0 ಬರೆಸಿ. ಒಂದು ಮಗು ಸೂರ್ಯನ ಚಿತ್ರ ಮಾಡಿ ಬರೀ ಸಂಖ್ಯೆಯ ಚೀಟಿಯನ್ನು ಮಾತ್ರ ಪಕ್ಕದವರಿಗೆ ಕೊಡಲಿ. ಅವರು ನಕಲು ಮಾಡಿ ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ಹೀಗೆ ನಾಲ್ಕೈದು ಕೈ ದಾಟಿದ ಮೇಲೆ ಮೊದಲಿನ ಚೀಟಿಯನ್ನು ಎಲ್ಲರ ಎದುರೇ ಹರಿದು ಹಾಕಿಸಿ. ಈಗ ಕೊನೆಯ ಮಗು ತನ್ನ ಚೀಟಿಯಿಂದ ಚೌಕುಳಿ ತುಂಬಿದರೆ ಅದೇ ಸೂರ್ಯ, ಒಂದು ಮನೆಯೂ ವ್ಯತ್ಯಾಸವಿಲ್ಲ. ಫೋಟೊ ಕಳಿಸಿ ಆಮೇಲೆ ಡಿಲೀಟ್ ಮಾಡಿದರೆ ಯಾಕೆ ಸಾಲದು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಪಾಠ ನಮಗೆ ಗೊತ್ತಿಲ್ಲ. ಆಟದ ಚಾಟ್ ಇರಲಿ, ಇನ್ನೂ ಹುಟ್ಟದ ಯಾವುದೋ ಆ್ಯಪ್ ಇರಲಿ, ಚಿತ್ರ ಅಂದರೆ ಸಂಖ್ಯೆ, ಸಂಖ್ಯೆ ಅಂದರೆ ನಕಲು ಎಂದು ತಿಳಿದ ಮಗುವಿಗೆ ಹೊಸದಾಗಿ ‘ಬೇಡ’ ಹೇಳಬೇಕಾಗಿಲ್ಲ.

ಕೆಲಸವನ್ನು ಹಂತಹಂತವಾಗಿ ಒಡೆದು ಹೇಳುವುದನ್ನು ಕಲಿಸಲು ಚುಕ್ಕಿ ರಂಗೋಲಿ ನಮ್ಮಲ್ಲೇ ಇದೆ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಲಿ. ಒಬ್ಬರು ಬಾಯಲ್ಲಿ ಹೇಳಬೇಕು, ಇನ್ನೊಬ್ಬರು ಕೇಳಿದಷ್ಟನ್ನೇ ಬರೆಯಬೇಕು. ಐದು ಚುಕ್ಕಿಯಿಂದ ಒಂದಕ್ಕೆ ಇಳಿಯುವ ಸಣ್ಣ ರಂಗೋಲಿ ಸಾಕು. ‘ಆಮೇಲೆ ಹಾಗೇ ಎಳಿ’ ಎಂದರೆ ಕೇಳಿದವರ ಕೈ ನಿಲ್ಲುತ್ತದೆ. ಎಷ್ಟನೇ ಸಾಲಿನ ಎಷ್ಟನೇ ಚುಕ್ಕಿಯಿಂದ ಎಲ್ಲಿಗೆ ಎಂದು ಹೇಳಿದಾಗ ಮಾತ್ರ ಮುಂದೆ ಹೋಗುತ್ತದೆ. ಚಿತ್ರ ತಪ್ಪಾದರೆ ಬರೆದವರನ್ನು ಬೈಯದೆ ಯಾವ ಮಾತಿನಲ್ಲಿ ದಾರಿ ತಪ್ಪಿತು ಎಂದು ಹಿಂದಕ್ಕೆ ಹೋಗಿ ಹುಡುಕಬೇಕು.

4ನೇ ತರಗತಿಗೆ ಯಂತ್ರಗಳು ಬೇಕು, ಮತ್ತು ಅವು ಕೆಲಸ ಮಾಡುತ್ತಿರಬೇಕು. ಇಲ್ಲಿ ಒಂದು ಸಣ್ಣ ವಸ್ತುವಿನ ಬಗ್ಗೆ ವಿವರವಾಗಿ ಹೇಳಬೇಕಿದೆ. ಬೇಸಿಗೆ ರಜೆಯೆಲ್ಲ ಪ್ಲಗ್ ತೆಗೆದಿಟ್ಟ ಹಳೆಯ ಡೆಸ್ಕ್‌ಟಾಪ್ ಜೂನ್‌ನಲ್ಲಿ ಶುರುವಾಗುತ್ತದೆ, ಆದರೆ ಯಾವ ವೆಬ್‌ಸೈಟೂ ತೆರೆಯುವುದಿಲ್ಲ. ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಕೆಂಪು ಎಚ್ಚರಿಕೆ ಬರುತ್ತದೆ. ನೆಟ್ ಹಾಳಾಗಿದೆ ಎಂದು ಬೀಗ ಹಾಕುತ್ತಾರೆ, ಇಲ್ಲವೇ ಎಚ್ಚರಿಕೆಯನ್ನು ದಾಟಿ ‘ಮುಂದುವರಿಯಿರಿ’ ಒತ್ತಲು ಮಕ್ಕಳಿಗೆ ಹೇಳುತ್ತಾರೆ. ಗಡಿಯಾರದ ಮೂಲೆ ನೋಡಿದರೆ ತಾರೀಕು ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಿರುತ್ತದೆ. ಮದರ್‌ಬೋರ್ಡಿನ ಮೇಲಿರುವ, ಯಂತ್ರ ಆರಿದ್ದಾಗಲೂ ಗಡಿಯಾರ ನಡೆಸುವ ಸಿಆರ್ 2032 ಎಂಬ ನಾಣ್ಯದಂಥ ಸೆಲ್ ಮುಗಿದಿದೆ, ಅಷ್ಟೇ. ವೆಬ್‌ಸೈಟು ತನ್ನ ಗುರುತಿಗೆ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಕಂಪ್ಯೂಟರಿನ ತಾರೀಕು ಅದರ ಹೊರಗಿದ್ದರೆ ಬ್ರೌಸರ್ ನಂಬುವುದಿಲ್ಲ. ಯಂತ್ರ ಆರಿಸಿ, ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ ಖಾಲಿ ಮಾಡಿ, ಕ್ಯಾಬಿನೆಟ್ಟಿನ ಲೋಹವನ್ನು ಒಮ್ಮೆ ಮುಟ್ಟಿ, ಸೆಲ್ ಪಕ್ಕದ ಕ್ಲಿಪ್ ಸರಿಸಿದರೆ ಸೆಲ್ ಮೇಲೇಳುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ, ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ತಾರೀಕು ಸರಿಮಾಡಿದರೆ ಮುಗಿಯಿತು. ವಾಚ್ ಅಂಗಡಿಯಲ್ಲೂ ಸಿಗುವ ಈ ಸೆಲ್ಲಿಗಾಗಿ ಇಡೀ ಕೊಠಡಿ ತಿಂಗಳುಗಟ್ಟಲೆ ಮುಚ್ಚಿರುವುದು ನ್ಯಾಯವಲ್ಲ. ಅದಕ್ಕಿಂತ ಹೆಚ್ಚಿನ ನಷ್ಟ, ಕೆಂಪು ಎಚ್ಚರಿಕೆ ಬಂದರೆ ದಾಟಿಹೋಗಬೇಕು ಎಂದು ಶಾಲೆಯೇ ಮಕ್ಕಳಿಗೆ ಅಭ್ಯಾಸ ಮಾಡಿಸುವುದು.

ಕಂಪನಿಗಳು ದಾನ ಕೊಡುವ ಹಳೆಯ ಲ್ಯಾಪ್‌ಟಾಪ್‌ಗಳದ್ದು ಬೇರೆ ಸಮಸ್ಯೆ. ಅವುಗಳಲ್ಲಿ ಬಹುಪಾಲು ವಿಂಡೋಸ್ 10 ಇರುವಂಥವು. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರ ವಿಂಡೋಸ್ 11ಕ್ಕೆ ಅರ್ಹವೂ ಅಲ್ಲ. ಇಂಥವನ್ನು ಎಸೆಯಬೇಕಾಗಿಲ್ಲ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು 240 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ, ರ್‍ಯಾಮ್ 4 ಜಿಬಿಗಿಂತ ಕಡಿಮೆ ಇದ್ದರೆ ಏರಿಸಿ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಕೊಂಡರೆ ಯಂತ್ರಕ್ಕೆ ಇನ್ನೂ ಹಲವು ವರ್ಷ ಆಯುಸ್ಸು. ಹಳೆಯ ಡಿಸ್ಕಿನಲ್ಲಿ ಮೂರು ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿದ್ದ ಶುರುವಾತು ಒಂದು ನಿಮಿಷದೊಳಗೆ ಮುಗಿಯುತ್ತದೆ. 40 ನಿಮಿಷದ ಪೀರಿಯಡ್ಡಿನಲ್ಲಿ ಅದು ದೊಡ್ಡ ಉಳಿತಾಯ. ಪೆನ್‌ಡ್ರೈವ್ ಹಾಕಿದೊಡನೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಡುವ ವಿಂಡೋಸ್ ವೈರಸ್‌ನ ಕಾಟವೂ ತಪ್ಪುತ್ತದೆ. ನೆರೆಯ ಕೇರಳ 2001ರಲ್ಲಿ ಶುರುಮಾಡಿದ, ಈಗ ಕೈಟ್ ಎಂಬ ಹೆಸರಿನಲ್ಲಿರುವ ಐಟಿ ಅಟ್ ಸ್ಕೂಲ್ ಯೋಜನೆ ಮುಕ್ತ ತಂತ್ರಾಂಶದ ಮೇಲೆಯೇ ನಿಂತಿದೆ, ನಾವು ಹಿಂಜರಿಯಬೇಕಾದ ಕಾರಣವಿಲ್ಲ.

ಯಂತ್ರದಲ್ಲಿ ಎರಡು ಖಾತೆ ಇರಲೇಬೇಕು. ಶಿಕ್ಷಕರದ್ದು ಅಧಿಕಾರವಿರುವ ಖಾತೆ, ಮಕ್ಕಳದ್ದು ಏನನ್ನೂ ಇನ್‌ಸ್ಟಾಲ್ ಮಾಡಲಾಗದ ಖಾತೆ. ಎಲ್ಲರೂ ಒಂದೇ ಖಾತೆಯಲ್ಲಿ ಕೂತರೆ ಯಾರೋ ಒಬ್ಬರ ಜಿಮೇಲ್ ತೆರೆದೇ ಉಳಿದಿರುತ್ತದೆ, ಮುಖ್ಯ ಶಿಕ್ಷಕರ ಇಲಾಖೆ ಲಾಗಿನ್ ಬ್ರೌಸರಿನಲ್ಲಿ ಸೇವ್ ಆಗಿರುತ್ತದೆ. ಮಕ್ಕಳ ಖಾತೆಯ ಬ್ರೌಸರ್ ಮುಚ್ಚಿದಾಗ ಎಲ್ಲವನ್ನೂ ಅಳಿಸುವಂತೆ ಹೊಂದಿಸಿ. ರೌಟರಿನಲ್ಲಿ ಡಿಎನ್‌ಎಸ್ (ತಾಣದ ಹೆಸರನ್ನು ಅದರ ಸಂಖ್ಯಾ ವಿಳಾಸಕ್ಕೆ ತಿರುಗಿಸುವ ಸೇವೆ) ವಿಳಾಸವನ್ನು 1.1.1.3 ಮತ್ತು 1.0.0.3 ಎಂದು ಬದಲಿಸಿದರೆ ಕ್ಲೌಡ್‌ಫ್ಲೇರ್‌ನ ಉಚಿತ ಸೇವೆ ಅಶ್ಲೀಲ ತಾಣಗಳನ್ನೂ ವೈರಸ್ ಹರಡುವ ತಾಣಗಳನ್ನೂ ತಡೆಯುತ್ತದೆ. ಇದರ ಮಿತಿಯೂ ತಿಳಿದಿರಲಿ: ಬ್ರೌಸರಿನ ‘ಸುರಕ್ಷಿತ ಡಿಎನ್‌ಎಸ್’ನಲ್ಲಿ ಬೇರೆ ಸೇವೆ ಆರಿಸಿದ್ದರೆ ಈ ತಡೆ ಕೆಲಸ ಮಾಡುವುದಿಲ್ಲ, ಮೊಬೈಲ್ ಡೇಟಾದಲ್ಲಿ ಇರುವ ಫೋನಿಗೂ ತಾಗುವುದಿಲ್ಲ, ವಾಟ್ಸ್‌ಆ್ಯಪ್‌ನೊಳಗೆ ಬರುವುದನ್ನು ತಡೆಯುವುದಿಲ್ಲ. ಹುಡುಕಾಟದಲ್ಲಿ ಅಶ್ಲೀಲ ಫಲಿತಾಂಶ ಮರೆಮಾಡುವ ಸೇಫ್‌ಸರ್ಚ್ ಆನ್ ಆಗಿದೆಯೇ ಎಂದೂ ನೋಡಿಕೊಳ್ಳಬೇಕು.

ವಿದ್ಯುತ್ ಬಗ್ಗೆ ಎರಡೇ ಮಾತು. 600 ವಿಎ ಯುಪಿಎಸ್‌ನ ಹೊಸ ಬ್ಯಾಟರಿ ಒಂದು ಡೆಸ್ಕ್‌ಟಾಪನ್ನು ಹತ್ತು ಹದಿನೈದು ನಿಮಿಷ ಹಿಡಿದಿಡುತ್ತದೆ, ಅದು ಕೆಲಸ ಉಳಿಸಿ ಆರಿಸಲಿಕ್ಕೆ, ಪಾಠ ಮುಂದುವರಿಸಲಿಕ್ಕಲ್ಲ. ಎರಡು ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಬೇಕು. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಸರಿಯಿಲ್ಲ, ಅವತ್ತೇ ಮಕ್ಕಳನ್ನು ಆಚೆ ಕಳಿಸಿ ಎಲೆಕ್ಟ್ರಿಷಿಯನ್ ಕರೆಸಬೇಕು.

ಒಂದು ಯಂತ್ರಕ್ಕೆ ಮೂವರು ಕೂರುವುದು ನಮ್ಮಲ್ಲಿ ಸಾಮಾನ್ಯ. ಒಬ್ಬರ ಕೈಯಲ್ಲಿ ಮೌಸ್, ಇನ್ನೊಬ್ಬರು ಮುಂದೇನು ಮಾಡಬೇಕೆಂದು ಹೇಳುವವರು, ಮೂರನೆಯವರು ಮಾಡಿದ್ದನ್ನು ಪುಸ್ತಕದಲ್ಲಿ ಗುರುತು ಹಾಕುವವರು. ಎಂಟು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಜಾಗ ಬದಲಿಸಬೇಕು. ಗಂಟೆ ಇಲ್ಲದಿದ್ದರೆ ಮೌಸ್ ಗಂಡುಮಕ್ಕಳ ಕೈಯಲ್ಲೇ ಉಳಿಯುತ್ತದೆ, ಹೆಣ್ಣುಮಕ್ಕಳು ವರ್ಷಪೂರ್ತಿ ನೋಡುವವರಾಗುತ್ತಾರೆ. ಇದು ಗಮನಕ್ಕೇ ಬಾರದಂತೆ ನಡೆದುಹೋಗುತ್ತದೆ, ಆದ್ದರಿಂದ ಒತ್ತಿ ಹೇಳುತ್ತಿದ್ದೇವೆ. ಚಿಕ್ಕ ಬೆರಳುಗಳಿಗೆ ಡಬಲ್ ಕ್ಲಿಕ್ ಕಷ್ಟ. ಸೆಟ್ಟಿಂಗ್‌ನಲ್ಲಿ ಅದರ ವೇಗವನ್ನು ಕಡಿಮೆ ಮಾಡಿ. ಚಿತ್ರಕ್ಕೆ ಟಕ್ಸ್ ಪೇಂಟ್ ಒಳ್ಳೆಯದು, ಕನ್ನಡದಲ್ಲೂ ಇದೆ.

ಕನ್ನಡ ಟೈಪಿಂಗನ್ನು 4ನೇ ತರಗತಿಯಲ್ಲೇ ಶುರುಮಾಡಬೇಕು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿರುವ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ ಎಫ್ ಕೀ. ಅಮ್ಮ ಎಂದು ಬರೆಯಲು ಎ, ಎಂ, ಎಫ್, ಎಂ, ಒಟ್ಟು ನಾಲ್ಕು ಒತ್ತು. ಮಕ್ಕಳು ತಪ್ಪುವುದು ಇಲ್ಲೇ. ಕೈಬರಹದಲ್ಲಿ ಒತ್ತು ಅಕ್ಷರದ ಕೆಳಗೆ ಬರುವುದರಿಂದ ಅದಕ್ಕೆಂದೇ ಪ್ರತ್ಯೇಕ ಕೀ ಹುಡುಕುತ್ತಾರೆ. ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಅಭ್ಯಾಸವಾದವರು ಎಂ ಎರಡು ಬಾರಿ ಒತ್ತಿ ಕೊನೆಗೆ ಎ ಸೇರಿಸುತ್ತಾರೆ. ಕಪ್ಪುಹಲಗೆಯ ಮೇಲೆ ಮ್ + ಮ = ಮ್ಮ ಎಂದು ವ್ಯಾಕರಣದ ಪಾಠವನ್ನೇ ಬರೆದು ತೋರಿಸಿದರೆ ಸರಿಹೋಗುತ್ತದೆ. ಮೊದಲ ದಿನದಿಂದಲೇ ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಇರಲಿ. ಹಳೆಯ ಫಾಂಟಿನಲ್ಲಿ ಬರೆದದ್ದು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ.

5ನೇ ತರಗತಿಗೆ ಬಂದಾಗ ಎಣಿಕೆ ಮತ್ತು ಎಚ್ಚರ ಇನ್ನೂ ಹತ್ತಿರವಾಗುತ್ತವೆ. ನಾಲ್ಕಂಕಿಯ ಪಿನ್ ಎಷ್ಟು ಬಗೆಯಲ್ಲಿ ಇರಬಹುದು? 10,000. ಆದರೆ ಅಪ್ಪನ ಹುಟ್ಟಿದ ವರ್ಷ ಇಟ್ಟರೆ, 1975ರಿಂದ 1995ರ ಒಳಗೆ ಊಹಿಸಿದರೂ 21 ಪ್ರಯತ್ನ ಸಾಕು. ಮಕ್ಕಳೇ ಈ ಲೆಕ್ಕ ಮಾಡಲಿ. ಮನೆಗೆ ಹೋಗಿ ಪಿನ್ ಬದಲಿಸಿ ಎಂದು ಅಪ್ಪನಿಗೆ ಹೇಳುವವರು ಅವರೇ. ಪಾಸ್‌ವರ್ಡ್‌ಗೆ ಸಂಬಂಧವಿಲ್ಲದ ಮೂರು ನಾಲ್ಕು ಪದ ಪೋಣಿಸುವುದನ್ನು ಕಲಿಸಿ: ಹುಣಸೆ, ರೈಲು, ಚಪ್ಪಲಿ, ಬುಧವಾರ. ಉದ್ದವಾದಷ್ಟೂ ಗಟ್ಟಿ, ನೆನಪಿಡಲೂ ಸುಲಭ. ತರಗತಿಯಲ್ಲಿ ಉದಾಹರಣೆಗೆ ಹೇಳಿದ್ದನ್ನೇ ಇಟ್ಟುಕೊಳ್ಳುತ್ತಾರೆ, ಹಾಗಾಗಿ ‘ಇದನ್ನು ಬಿಟ್ಟು ಬೇರೆ’ ಎನ್ನುವುದನ್ನು ಮರೆಯಬಾರದು. ಪಾಸ್‌ವರ್ಡ್ ಹೇಳುವುದು ಈ ವಯಸ್ಸಿನಲ್ಲಿ ಗೆಳೆತನದ ಗುರುತು. ‘ಯಾರಿಗೂ ಹೇಳಬೇಡ’ ಎಂದರೆ ಮನೆಯವರಿಗೂ ಮುಚ್ಚಿಡಲು ಹೇಳಿದಂತಾಗುತ್ತದೆ. ಅಪ್ಪ ಅಮ್ಮನಿಗೆ ಗೊತ್ತಿರಲಿ, ಗೆಳೆಯರಿಗೆ ಬೇಡ ಎಂದು ಬಿಡಿಸಿ ಹೇಳಬೇಕು.

ವೆಬ್ ವಿಳಾಸ ಓದುವುದನ್ನು ಕಲಿಸಲು ಒಂದಿಡೀ ಪೀರಿಯಡ್ ಕೊಡಿ. ಅಂಚೆ ಲಕೋಟೆಯ ಮೇಲೆ ಮನೆಯ ಹೆಸರು ಏನೇ ಇರಲಿ, ಕಾಗದ ಯಾವ ಊರಿಗೆ ಹೋಗುತ್ತದೆಂದು ಹೇಳುವುದು ಕೊನೆಯ ಸಾಲುಗಳು. ವೆಬ್ ವಿಳಾಸವೂ ಹಾಗೆಯೇ. ಆರಂಭದ ಎಚ್‌ಟಿಟಿಪಿಎಸ್ ಮತ್ತು ಅದರ ಜೋಡಿ ಓರೆಗೆರೆ ಬಿಟ್ಟು, ಮುಂದಿನ ಮೊದಲ ಓರೆಗೆರೆಗೆ ಮುಂಚಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ಸರ್ಕಾರದ ತಾಣವಾದರೆ ಆ ಭಾಗ ಸಾಮಾನ್ಯವಾಗಿ ಡಾಟ್ ಗವ್ ಡಾಟ್ ಇನ್ ಅಥವಾ ಡಾಟ್ ಎನ್‌ಐಸಿ ಡಾಟ್ ಇನ್ ಎಂದು ಮುಗಿಯುತ್ತದೆ. ವಿಳಾಸದ ಆರಂಭದಲ್ಲಿ ಕರ್ನಾಟಕ, ಸ್ಕಾಲರ್‌ಶಿಪ್ ಎಂಬ ಪದಗಳಿದ್ದು, ಕೊನೆ ಡಾಟ್ ಎಕ್ಸ್‌ವೈಜಡ್ ಎಂದಿದ್ದರೆ ಅದು ಸರ್ಕಾರದ್ದಲ್ಲ. ಇಂಥ ಹತ್ತು ವಿಳಾಸಗಳನ್ನು ಚೀಟಿಯಲ್ಲಿ ಬರೆದು ಅಸಲಿ-ನಕಲಿ ಎಂದು ವಿಂಗಡಿಸಲು ಕೊಟ್ಟರೆ ಮಕ್ಕಳು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ. ಬೀಗದ ಚಿಹ್ನೆ ಇದ್ದರೆ ಅಸಲಿ ಎಂದು ಎಂದೂ ಹೇಳಿಕೊಡಬೇಡಿ. ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂದಷ್ಟೇ ಅದರ ಅರ್ಥ, ಆ ತುದಿಯಲ್ಲಿ ಕೂತವರು ಒಳ್ಳೆಯವರೆಂದಲ್ಲ.

ಹಣದ ವಿಷಯದಲ್ಲಿ ಮಕ್ಕಳಿಗೆ ಬೇಕಾದ್ದು ಮೂರು ತಿಳಿವಳಿಕೆ. ಯುಪಿಐ ಪಿನ್ ಹಾಕುವುದು ಹಣ ಹೋಗಲು ಮತ್ತು ಬ್ಯಾಲೆನ್ಸ್ ನೋಡಲು, ಹಣ ಬರಲು ಎಂದೂ ಬೇಡ. ಆಟದಲ್ಲಿ ಡೈಮಂಡ್ ಕೊಡುತ್ತೇನೆ, ಫೋನಿಗೆ ಬಂದ ನಂಬರ್ ಹೇಳು ಎಂದು ಕೇಳಿದರೆ ಆ ನಂಬರ್ ಮನೆಯ ಬೀಗದ ಕೈ. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಕಿಸಾನ್ ಹಣ ಎಂಬ ಹೆಸರಿನಲ್ಲಿ ಬರುವ ಫೈಲಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಚಿತ್ರವೂ ಅಲ್ಲ, ಕಾಗದವೂ ಅಲ್ಲ, ಒಂದು ಆ್ಯಪ್. ಫೋಟೊಗೆ ಜೆಪಿಜಿ, ಕಾಗದಕ್ಕೆ ಪಿಡಿಎಫ್ ಎಂದು ಕಂಪ್ಯೂಟರ್ ಪಾಠದಲ್ಲಿ ಫೈಲ್ ಹೆಸರು ಕಲಿತ ಮಗುವಿಗೆ ಇದು ಕೂಡಲೇ ಹೊಳೆಯುತ್ತದೆ. ಅಜ್ಜನ ಫೋನನ್ನು ಉಳಿಸುವವರು ಈ ಮಕ್ಕಳೇ.

ಎಐ ಚಾಟ್‌ಬಾಟ್‌ಗಳನ್ನು ಈ ವಯಸ್ಸಿಗೆ ಸ್ವಂತವಾಗಿ ಬಳಸಲು ಕೊಡಬಾರದು. ಆದರೆ ಶಿಕ್ಷಕರು ದೊಡ್ಡ ಪರದೆಯಲ್ಲಿ ಒಮ್ಮೆ ತೋರಿಸುವುದು ಒಳ್ಳೆಯದು. ಮಕ್ಕಳಿಗೆ ಚೆನ್ನಾಗಿ ಗೊತ್ತಿರುವುದನ್ನೇ ಕೇಳಿ, ಉದಾಹರಣೆಗೆ ನಿಮ್ಮೂರಿನ ಜಾತ್ರೆಯ ಬಗ್ಗೆ. ಬಂದ ಉತ್ತರದಲ್ಲಿ ಯಾವುದು ಸರಿ, ಯಾವುದು ಕಟ್ಟಿದ ಮಾತು ಎಂದು ಮಕ್ಕಳು ಗುರುತಿಸಲಿ. ಇಷ್ಟು ಸರಾಗವಾಗಿ ಬರೆದದ್ದೂ ತಪ್ಪಾಗಿರಬಹುದು ಎಂದು ಕಣ್ಣಾರೆ ಕಾಣುವುದೇ ಪಾಠ.

ಇಷ್ಟೆಲ್ಲ ಕಲಿಸಿದರೂ ಒಂದು ದಿನ ಯಾವುದೋ ಮಗುವಿಗೆ ತೊಂದರೆಯಾಗಿಯೇ ಆಗುತ್ತದೆ. ಆಗ ಅದು ಬಂದು ಹೇಳುತ್ತದೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ಹೆದರಿಸುವ ಭಾಷಣಗಳ ದೊಡ್ಡ ದೋಷವೆಂದರೆ, ‘ತಪ್ಪು ಮಾಡಿದ್ದು ನಾನೇ’ ಎಂದು ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ‘ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ’ ಎಂಬ ಭಯ ಅಪರಿಚಿತನ ಬೆದರಿಕೆಗಿಂತ ದೊಡ್ಡದು, ಬೆದರಿಸುವವನಿಗೂ ಅದು ಗೊತ್ತು. ಆದ್ದರಿಂದ ಶಾಲೆಯಲ್ಲಿ ಬರಹದಲ್ಲೇ ಒಂದು ನಿಯಮ ಬೇಕು: ಆನ್‌ಲೈನ್‌ನಲ್ಲಿ ಆದದ್ದನ್ನು ಬಂದು ಹೇಳಿದ ಮಗುವಿಗೆ ಶಿಕ್ಷೆಯಿಲ್ಲ, ಎಲ್ಲರೆದುರು ವಿಚಾರಣೆಯಿಲ್ಲ. ಪೋಷಕರ ಸಭೆಯಲ್ಲಿ ಇದನ್ನು ಓದಿ ಹೇಳಿ, ಮನೆಯಲ್ಲೂ ಹಾಗೇ ನಡೆಯುತ್ತೇವೆಂದು ಒಪ್ಪಿಸಬೇಕು.

ಮಗು ಬಂದು ಹೇಳಿದಾಗ ಶಿಕ್ಷಕರು ಮಾಡಬೇಕಾದ್ದು ಮಾಡಬಾರದ್ದು ಎರಡೂ ಖಚಿತವಾಗಿರಲಿ. ಮೊದಲು ಪೂರ್ತಿ ಕೇಳಿ. ‘ಯಾಕೆ ಹಾಗೆ ಮಾಡಿದೆ’ ಎಂದು ಕೇಳಬೇಡಿ. ಖಾತೆಯ ಹೆಸರು, ಫೋನ್ ನಂಬರ್, ದಿನ, ಸಮಯ ಬರೆದುಕೊಳ್ಳಿ. ಪೊಲೀಸರಿಗೆ ತೋರಿಸುವವರೆಗೆ ಮಗುವಿನ ಫೋನಿನ ಸಂದೇಶಗಳನ್ನು ಅಳಿಸಬೇಡಿ. ಮಗುವಿನ ನಗ್ನ ಅಥವಾ ಲೈಂಗಿಕ ಚಿತ್ರ ಇದ್ದರೆ ಸಾಕ್ಷಿಗೆಂದು ಕೂಡ ನಿಮ್ಮ ಫೋನಿಗೆ ಕಳಿಸಿಕೊಳ್ಳಬೇಡಿ, ಸ್ಕ್ರೀನ್‌ಶಾಟ್ ತೆಗೆಯಬೇಡಿ, ಶಿಕ್ಷಕರ ಗುಂಪಿಗೆ ಹಾಕಲೇಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಅಂಥ ಚಿತ್ರ ಹಂಚುವುದನ್ನು ಅಪರಾಧವೆನ್ನುತ್ತದೆ. ಉದ್ದೇಶ ಒಳ್ಳೆಯದಿದ್ದರೂ ಮಗುವಿಗೆ ಇನ್ನೊಂದು ನಕಲಿನ ಗಾಯವಾಗುತ್ತದೆ. ಲೈಂಗಿಕ ಅಪರಾಧದ ಸುಳಿವು ಸಿಕ್ಕರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕಡ್ಡಾಯ. ‘ಊರಿನ ಮರ್ಯಾದೆ’ ಎಂದು ಒಳಗೇ ಮುಗಿಸುವ ಅಧಿಕಾರ ಮುಖ್ಯ ಶಿಕ್ಷಕರಿಗಾಗಲಿ ಎಸ್‌ಡಿಎಂಸಿಗಾಗಲಿ ಇಲ್ಲ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಕರೆ ಮಾಡಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಗಂಟೆಗಳಲ್ಲೇ. ಈ ಮೂರು ಸಂಖ್ಯೆಗಳನ್ನು ಬಿಸಿಯೂಟದ ಕೋಣೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆಸಿ.

ಶಾಲೆಯ ನಡವಳಿಕೆಯ ಬಗ್ಗೆಯೂ ಹೇಳಲೇಬೇಕು. ಹಾಲು, ಮೊಟ್ಟೆ ಹಂಚಿದ್ದಕ್ಕೆ ಸಾಕ್ಷಿಯಾಗಿ ಮಕ್ಕಳ ಮುಖ ಕಾಣುವ ಫೋಟೊಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸುವುದು, ಹೆಸರು ಮತ್ತು ಆಧಾರ್ ಸಂಖ್ಯೆ ಇರುವ ಪಟ್ಟಿಗಳನ್ನು ಫೋನಿನಲ್ಲಿ ಚಿತ್ರ ತೆಗೆದು ರವಾನಿಸುವುದು ಅಭ್ಯಾಸವಾಗಿಬಿಟ್ಟಿದೆ. ಬೆಳಿಗ್ಗೆ ‘ಫೋಟೊ ಕಳಿಸಬೇಡಿ’ ಎಂದು ಕಲಿಸಿ ಮಧ್ಯಾಹ್ನ ನಾವೇ ಕಳಿಸಿದರೆ ಮಕ್ಕಳು ಯಾವುದನ್ನು ನಂಬಬೇಕು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ತಟ್ಟೆ, ಕೈ, ಬೆನ್ನ ಹಿಂದಿನಿಂದ ತೆಗೆದ ಚಿತ್ರ ಸಾಕು. ಹಂಚಿದ್ದಕ್ಕೆ ಅದೂ ಸಾಕ್ಷಿಯೇ. ಇಲಾಖೆ ಇದನ್ನು ಸುತ್ತೋಲೆಯಲ್ಲಿ ಹೇಳಿದರೆ ಶಿಕ್ಷಕರಿಗೂ ಧೈರ್ಯ ಬರುತ್ತದೆ.

ಪೋಷಕರ ಸಭೆಯಲ್ಲಿ ಭಾಷಣದ ಬದಲು ಎಲ್ಲರೂ ಫೋನ್ ತೆಗೆದು ನಾಲ್ಕು ಸೆಟ್ಟಿಂಗ್ ಬದಲಿಸಲಿ. ವಾಟ್ಸ್‌ಆ್ಯಪ್‌ನ ಪ್ರೈವೆಸಿಯಲ್ಲಿ ಗುಂಪಿಗೆ ಸೇರಿಸುವ ಅಧಿಕಾರ ‘ನನ್ನ ಸಂಪರ್ಕಗಳಿಗೆ’ ಮಾತ್ರ. ಅಲ್ಲೇ ಅಪರಿಚಿತ ಕರೆಗಳನ್ನು ಮೌನಗೊಳಿಸುವ ಆಯ್ಕೆ. ಫೋನಿನ ಸೆಟ್ಟಿಂಗ್‌ನಲ್ಲಿ ‘ಅಪರಿಚಿತ ಆ್ಯಪ್ ಇನ್‌ಸ್ಟಾಲ್’ ಎಂಬಲ್ಲಿ ವಾಟ್ಸ್‌ಆ್ಯಪ್ ಮತ್ತು ಬ್ರೌಸರ್‌ಗೆ ಅನುಮತಿ ಆಫ್. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ದೃಢೀಕರಣ. ಮಗುವಿಗೆ ಫೋನ್ ಕೊಡುವಾಗ ಒಂದೇ ಆ್ಯಪ್ ತೆರೆದಿರುವಂತೆ ಮಾಡುವ ‘ಆ್ಯಪ್ ಪಿನ್ನಿಂಗ್’ ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿದೆ, ಅದನ್ನೂ ತೋರಿಸಿ. ಫೋನ್ ಕಂಪನಿಗೊಂದು ಹೆಸರು, ಜಾಗ ಇರುವುದರಿಂದ ಇಲ್ಲಿ ಹೊತ್ತು ಹಿಡಿಯುತ್ತದೆ. ಸಭೆಗೆ ಅರ್ಧ ಗಂಟೆ ಸಾಲದು, 7ನೇ ತರಗತಿಯ ಮಕ್ಕಳನ್ನು ಸಹಾಯಕ್ಕೆ ನಿಲ್ಲಿಸಿಕೊಳ್ಳಿ.

ಇಲಾಖೆಯಿಂದ ನಾವು ಕೇಳುವುದು ದೊಡ್ಡ ಯೋಜನೆಯಲ್ಲ. 3ರಿಂದ 5ನೇ ತರಗತಿಯ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಪೀರಿಯಡ್, ಅದಕ್ಕೆ ಡಯಟ್‌ಗಳ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ) ಮೂಲಕ ಕೈಯಲ್ಲಿ ಮಾಡಿಸುವ ತರಬೇತಿ, ಶಾಲಾ ಅನುದಾನದಲ್ಲಿ ಬ್ಯಾಟರಿ, ಸೆಲ್, ಕೇಬಲ್‌ಗೆಂದೇ ಖರ್ಚು ಮಾಡಲು ಸ್ಪಷ್ಟ ಅನುಮತಿ. ಒಂದೂ ಯಂತ್ರವಿಲ್ಲದ ಕಿರಿಯ ಪ್ರಾಥಮಿಕ ಶಾಲೆಗಳಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿವೆ. ಅರಿವು ಕೇಂದ್ರಗಳೆಂದು ಮೇಲ್ದರ್ಜೆಗೇರಿದ ಕಡೆಗಳಲ್ಲಿ ಕಂಪ್ಯೂಟರ್‌ಗಳೂ ಬಂದಿವೆ. ಅಲ್ಲಿಯೂ ಮಕ್ಕಳಿಗೆ ಪ್ರತ್ಯೇಕ ಖಾತೆ, ಅದೇ ಡಿಎನ್‌ಎಸ್ ತಡೆ, ಪರದೆ ಬಾಗಿಲ ಕಡೆಗೆ ಕಾಣುವಂತೆ ಮೇಜು, ಇಷ್ಟು ಮಾಡಿ ಶನಿವಾರ ಮಧ್ಯಾಹ್ನ 4 ಮತ್ತು 5ನೇ ತರಗತಿಯವರಿಗೆ ಬಿಟ್ಟುಕೊಡಬಹುದು. ಈ ಬೇಡಿಕೆಯನ್ನು ಮುಂದಿನ ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಇಡಲಿ, ಪಿಡಿಒ ಅವರು ನಡಾವಳಿಯಲ್ಲಿ ಬರೆದುಕೊಳ್ಳಲಿ.

ಇಂತಿ,
ಕೆಲವು ಪ್ರಾಥಮಿಕ ಶಾಲಾ ಶಿಕ್ಷಕ ಶಿಕ್ಷಕಿಯರು,
ತುಮಕೂರು ಜಿಲ್ಲೆ